ಅಪ್ಪನ ಫೋನಿಗೆ ಬರುವ ವಿಡಿಯೊಗಳನ್ನು ಆರಿಸುತ್ತಿರುವವರು ಯಾರು?

ರಾಜಾಜಿನಗರದ ಮಗಳು · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಓದಿ, ಗೊತ್ತಿರುವವರು ದಾರಿ ಹೇಳಿ.

ನಮ್ಮ ಅಪ್ಪನಿಗೆ 68 ವರ್ಷ. ಕಾರ್ಖಾನೆ ಕೆಲಸದಿಂದ ನಿವೃತ್ತರಾದವರು. 11 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಬೆಳಗ್ಗೆ ವಾಕಿಂಗ್, ರಾತ್ರಿ ಮುದ್ದೆ. ಒಂದು ದಿನವೂ ತಪ್ಪುತ್ತಿರಲಿಲ್ಲ. ಹೋದ ದೀಪಾವಳಿಗೆ ತಮ್ಮ ಹೊಸ ಫೋನ್ ಕೊಡಿಸಿದ. ಮೊದಮೊದಲು ಹಳೇ ಹಾಡು, ದಾಸರ ಪದ, ಕ್ರಿಕೆಟ್ ನೋಡುತ್ತಿದ್ದರು. ಒಂದು ದಿನ ಪಾದ ಉರಿಯುತ್ತಿದೆ ಅಂತ ಅವರೇ ಮೈಕ್ ಒತ್ತಿ 'ಸಕ್ಕರೆ ಕಾಯಿಲೆ ಕಾಲು ಉರಿ' ಅಂತ ಹುಡುಕಿದ್ದಾರೆ. ಅಲ್ಲಿಂದ ಶುರುವಾಯಿತು.

ಎರಡು ತಿಂಗಳಲ್ಲಿ ಫೋನ್ ತೆರೆದರೆ ಬರೀ ಅದೇ. ಮಾತ್ರೆ ಕಿಡ್ನಿ ತಿನ್ನುತ್ತೆ. ಏಳು ದಿನದಲ್ಲಿ ಸಕ್ಕರೆ ಮಾಯ. ಡಾಕ್ಟರ್ ನಿಮಗೆ ಹೇಳದ ಗುಟ್ಟು. ಅಪ್ಪ ನಮಗೆ ಹೇಳದೆ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಆಮೇಲೆ ಪೂರ್ತಿ ಬಿಟ್ಟರು. ಯಾವುದೋ ಪುಡಿ ತರಿಸಿಕೊಂಡು ಕಷಾಯ ಮಾಡಿ ಕುಡಿಯುತ್ತಿದ್ದರು. ಹೋದ ವಾರ ಬಚ್ಚಲುಮನೆಯಲ್ಲಿ ತಲೆ ಸುತ್ತಿ ಕುಸಿದರು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 340 ಇತ್ತು. ಈಗ ಪರವಾಗಿಲ್ಲ, ಮನೆಗೆ ಬಂದಿದ್ದಾರೆ.

ನಾನು ರೇಗಿದೆ. ಅಪ್ಪ ಒಂದೇ ಮಾತು ಹೇಳಿದರು: "ನಾನೇನು ಹುಡುಕಿಕೊಂಡು ಹೋದೆನೇನಮ್ಮಾ? ಅದೇ ಬಂತು. ಇಷ್ಟು ಜನ ಹೇಳ್ತಿದ್ದಾರೆ ಅಂದ್ಮೇಲೆ ನಿಜ ಇರಬೇಕು ಅಂದ್ಕೊಂಡೆ."

ಈ 'ಇಷ್ಟು ಜನ' ಅನ್ನುವ ಮಾತು ನನ್ನನ್ನು ಬಿಡುತ್ತಿಲ್ಲ. ಅದೇ ಮನೆ, ಅದೇ ವೈಫೈ. ನನ್ನ ಫೋನಿನಲ್ಲಿ ಅದೇ ಆ್ಯಪ್ ತೆರೆದರೆ ಇಂಥ ಒಂದು ವಿಡಿಯೊವೂ ಇಲ್ಲ. ಅಪ್ಪನ ಫೋನಿನಲ್ಲಿ ಊರಿಗೆ ಊರೇ ಮಾತ್ರೆ ಬಿಡಿ ಅಂತ ಕೂಗುತ್ತಿದೆ. ಅವರು ತಮ್ಮ ಕಣ್ಣಿಗೆ ಕಂಡಿದ್ದನ್ನು ಊರಿನ ಮಾತು ಅಂತ ನಂಬಿದರು. ಅದು ಅವರೊಬ್ಬರಿಗಾಗಿ ಜೋಡಿಸಿದ ಸಾಲು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇದನ್ನು ಆರಿಸುತ್ತಿರುವವರು ಯಾರು? ಅಪ್ಪನ ಬಗ್ಗೆ ಅವರಿಗೆ ಏನೇನು ಗೊತ್ತಿದೆ? ನಿಲ್ಲಿಸುವುದು ಹೇಗೆ? ಆ್ಯಪ್ ಹೆಸರು ಬರೆಯುವುದಿಲ್ಲ. ಇದು ಒಂದೇ ಆ್ಯಪ್‌ನ ವಿಷಯ ಅಲ್ಲ ಅನ್ನಿಸುತ್ತದೆ.


ಬೆಳ್ಳಂದೂರು ಎಂಜಿನಿಯರ್ · ಭಾನುವಾರ, ರಾತ್ರಿ 11:05

ಅಪ್ಪ ಮನೆಗೆ ಬಂದಿದ್ದಾರೆ ಅಂತ ಓದಿ ಸಮಾಧಾನ ಆಯಿತು ಮೇಡಂ. ನಾನು ಕೆಲವು ವರ್ಷ ಒಂದು ಶಾಪಿಂಗ್ ಆ್ಯಪ್‌ನಲ್ಲಿ ಇಂಥದ್ದೇ ಕೆಲಸ ಮಾಡಿದ್ದೇನೆ. ಯಾರಿಗೆ ಯಾವ ಸಾಮಾನು ಮೊದಲು ಕಾಣಬೇಕು ಅಂತ ಸಾಲು ಮಾಡುವ ಕೆಲಸ. ವಿಡಿಯೊ ಆ್ಯಪ್‌ಗಳಲ್ಲೂ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ.

ಎರಡು ಹಂತ ಇರುತ್ತದೆ. ಮೊದಲು ಲಕ್ಷಾಂತರ ವಿಡಿಯೊಗಳನ್ನು ಜರಡಿ ಹಿಡಿದು ಕೆಲವು ನೂರು ತೆಗೆಯುತ್ತಾರೆ. ಆಮೇಲೆ ಆ ನೂರಾರರಲ್ಲಿ ಒಂದೊಂದಕ್ಕೂ ಅಂಕ ಹಾಕುತ್ತಾರೆ. ಜಾಸ್ತಿ ಅಂಕ ಬಂದಿದ್ದು ಮೇಲೆ. ಯೂಟ್ಯೂಬ್‌ನ ಎಂಜಿನಿಯರ್‌ಗಳು 2016ರಲ್ಲಿ ಒಂದು ಪ್ರಬಂಧದಲ್ಲಿ ಇದನ್ನೇ ವಿವರಿಸಿದ್ದಾರೆ. ಟ್ವಿಟರ್ 2023ರ ಮಾರ್ಚ್‌ನಲ್ಲಿ ತನ್ನ ಕೋಡ್‌ನ ಒಂದು ಭಾಗವನ್ನು ಎಲ್ಲರಿಗೂ ಕಾಣುವಂತೆ ಇಟ್ಟಿತು. ಅಲ್ಲೂ ಹೀಗೇ. ನೀವು ತೆರೆದಾಗಲೆಲ್ಲ ಸುಮಾರು 1,500 ಪೋಸ್ಟ್ ಆರಿಸಿ, ಅಂಕ ಹಾಕಿ, ಸಾಲಾಗಿ ಜೋಡಿಸುತ್ತಿತ್ತು.

ಅಂಕ ಯಾವುದಕ್ಕೆ ಅನ್ನುವುದೇ ಮುಖ್ಯ. 'ಇದರಿಂದ ಈ ಮನುಷ್ಯನಿಗೆ ಒಳ್ಳೆಯದಾಗುತ್ತಾ' ಅಂತ ಅಳೆಯಲು ಕಂಪ್ಯೂಟರ್ ಹತ್ತಿರ ಅಳತೆಗೋಲು ಇಲ್ಲ. ಅಳೆಯಲು ಸಿಗುವುದು ಬೇರೆ. ಒತ್ತಿದರಾ? ಎಷ್ಟು ಸೆಕೆಂಡ್ ನಿಂತರು? ಕೊನೆವರೆಗೆ ನೋಡಿದರಾ? ಯಾರಿಗಾದರೂ ಕಳಿಸಿದರಾ? ಯೂಟ್ಯೂಬ್ ಮೊದಲು ಎಷ್ಟು ಸಲ ಒತ್ತಿದರು ಅನ್ನುವುದಕ್ಕೆ ಬೆಲೆ ಕೊಡುತ್ತಿತ್ತು. 2012ರಲ್ಲಿ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬದಲಾಯಿಸಿತು. ಬರೀ ಆಸೆ ಹುಟ್ಟಿಸುವ ತಲೆಬರಹಗಳ ಕಾಟ ಕಡಿಮೆ ಮಾಡುವ ಉದ್ದೇಶ ಅದರಲ್ಲಿತ್ತು. ಆದರೆ ನಿಮ್ಮ ಅಪ್ಪ ಹೆದರಿಕೊಂಡು ಹತ್ತು ನಿಮಿಷ ನೋಡಿದರೂ, ಖುಷಿಯಿಂದ ಹತ್ತು ನಿಮಿಷ ನೋಡಿದರೂ ಅಲ್ಲಿ ದಾಖಲಾಗುವುದು ಹತ್ತು ನಿಮಿಷ ಅಂತಲೇ. ಹೆದರಿಕೆ ಅಂತ ಬರೆದುಕೊಳ್ಳಲು ಅದಕ್ಕೆ ಜಾಗ ಇಲ್ಲ.

ಇನ್ನು, ಅಪ್ಪನ ಬಗ್ಗೆ ಏನು ಗೊತ್ತು? ಹುಡುಕಿದ ಪದ, ನೋಡಿದ ವಿಡಿಯೊ, ಫೋನಿನ ಭಾಷೆ, ಊರು, ನೋಡುವ ಹೊತ್ತು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅಪ್ಪನ ಹಾಗೇ ಹುಡುಕಿದ ಸಾವಿರಾರು ಜನ ಮುಂದೆ ಏನು ನೋಡಿದರು ಅನ್ನುವ ಲೆಕ್ಕ. ಅವರು ಹೋದ ದಾರಿಯಲ್ಲೇ ಅಪ್ಪನನ್ನೂ ಕರೆದುಕೊಂಡು ಹೋಗುತ್ತದೆ. ಅಪ್ಪ ಹೇಳದೇ ಇದ್ದದ್ದನ್ನೂ ಊಹಿಸುತ್ತದೆ. 2013ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 58,000 ಜನರ ಫೇಸ್‌ಬುಕ್ ಲೈಕ್‌ಗಳನ್ನು ಮಾತ್ರ ಇಟ್ಟುಕೊಂಡು ಅವರ ಧರ್ಮ, ರಾಜಕೀಯ ಒಲವು, ಸಿಗರೇಟ್ ಸೇದುತ್ತಾರಾ ಇಲ್ಲವಾ ಅಂತೆಲ್ಲ ಊಹಿಸಿ ತೋರಿಸಿದ್ದರು. ಎಲ್ಲವೂ ಸರಿ ಬರಲಿಲ್ಲ. ಆದರೆ ಸುಮ್ನೆ ಹೇಳಿದ್ದಕ್ಕಿಂತ ಎಷ್ಟೋ ಹತ್ತಿರ ಬಂತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಯಾವ ಮನುಷ್ಯನೂ ಕೂತು ಅಪ್ಪನಿಗೆ ಆ ವಿಡಿಯೊ ಆರಿಸಲಿಲ್ಲ. ಆದರೆ ಯಾವುದಕ್ಕೆ ಅಂಕ ಕೊಡಬೇಕು ಅಂತ ಮನುಷ್ಯರೇ ತೀರ್ಮಾನ ಮಾಡಿದ್ದಾರೆ. ನಾನೂ ಅಂಥ ಮೀಟಿಂಗ್‌ಗಳಲ್ಲಿ ಕೂತಿದ್ದೆ. ಜನ ಆ್ಯಪ್‌ನಲ್ಲಿ ಇರುವ ಹೊತ್ತು ಜಾಸ್ತಿ ಆಗಿದೆಯಾ ಅಂತ ನೋಡಿದ್ದೇವೆ. ಅವರಿಗೆ ಆಮೇಲೆ ಏನಾಯಿತು ಅಂತ ನಾವು ಒಂದು ಸಲವೂ ಕೇಳಿರಲಿಲ್ಲ.


ಬನಶಂಕರಿ ಮೇಷ್ಟ್ರು · ಸೋಮವಾರ, ಬೆಳಗ್ಗೆ 6:20

ಮಗಳೇ, ನಿಮ್ಮ ತಂದೆಯವರ ಮೇಲೆ ಇನ್ನು ರೇಗಬೇಡಿ. ನನಗೆ 72. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ನಂಬುತ್ತಿದ್ದೆ. ನಮ್ಮ ಕಾಲದಲ್ಲಿ ಬೆಳಗಿನ ಪತ್ರಿಕೆ ಬೀದಿಯವರಿಗೆಲ್ಲ ಒಂದೇ. ತಪ್ಪು ಬಂದರೂ ಎಲ್ಲರಿಗೂ ಅದೇ ತಪ್ಪು. ಕಟ್ಟೆ ಮೇಲೆ ಕೂತು 'ಇದು ಸುಳ್ಳು ಕಣಯ್ಯಾ' ಅಂತ ಯಾರಾದರೂ ಹೇಳುತ್ತಿದ್ದರು. ನಿಮ್ಮ ತಂದೆ ನೋಡಿದ್ದನ್ನು ಪಕ್ಕದ ಮನೆಯವರು ನೋಡಲೇ ಇಲ್ಲ. ಹೇಳುವವರು ಯಾರು?

ಗಾಂಧಿ ಬಜಾರ್‌ನಲ್ಲಿ ನಾನು 30 ವರ್ಷ ಒಬ್ಬರ ಹತ್ತಿರವೇ ಸೊಪ್ಪು ತೆಗೆದುಕೊಂಡೆ. ದಂಟಿನ ಸೊಪ್ಪು ನನಗೆ ಇಷ್ಟ ಅಂತ ಅವರಿಗೆ ಗೊತ್ತಿತ್ತು, ಎತ್ತಿಡುತ್ತಿದ್ದರು. ಅವರಿಗೆ ಏನು ಗೊತ್ತು ಅಂತ ನನಗೂ ಗೊತ್ತಿತ್ತು. ನನ್ನ ಹೆಂಡತಿಗೆ ಹುಷಾರಿಲ್ಲ ಅಂದಾಗ 'ಈ ವಾರ ಇದು ಬೇಡ ಸ್ವಾಮಿ' ಅಂತ ಅವರೇ ಹೇಳಿದರು. ವ್ಯಾಪಾರ ಹೋದರೂ ಹೇಳಿದರು. ಎಂಜಿನಿಯರ್ ಅವರು ಅಳತೆಗೋಲು ಇಲ್ಲ ಅಂದಿದ್ದು ಓದಿದಾಗ ಅವರ ನೆನಪಾಯಿತು.

ಇನ್ನೊಂದು ಮಾತು ಕನ್ನಡದ ಬಗ್ಗೆ. ಎಂಜಿನಿಯರ್ ಅವರು ಜರಡಿ ಅಂದರು. ಜರಡಿಗೆ ಹಾಕುವ ಕಾಳೇ ಕಡಿಮೆ ಇದ್ದರೆ? ಇಂಗ್ಲಿಷಿನಲ್ಲಿ ಸಕ್ಕರೆ ಕಾಯಿಲೆ ಅಂತ ಹುಡುಕಿದರೆ ದೊಡ್ಡ ದೊಡ್ಡ ಆಸ್ಪತ್ರೆಗಳ, ವೈದ್ಯರ ವಿಡಿಯೊ ರಾಶಿ ಸಿಗುತ್ತದೆ. ಕನ್ನಡದಲ್ಲಿ ಒಳ್ಳೆಯ ವೈದ್ಯರು ಹೇಳಿದ್ದು ಅಷ್ಟು ಸಿಗುವುದಿಲ್ಲ. ಉಳಿದ ಜಾಗವನ್ನು ಪುಡಿ ಮಾರುವವರು ತುಂಬಿಕೊಂಡಿದ್ದಾರೆ.

2021ರ ಜೂನ್‌ನಲ್ಲಿ ನಡೆದದ್ದು ನೆನಪಿದೆಯಾ? ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಗೂಗಲ್‌ನಲ್ಲಿ ಕೇಳಿದರೆ ಕನ್ನಡ ಅಂತ ಮೇಲೆ ದೊಡ್ಡದಾಗಿ ತೋರಿಸುತ್ತಿತ್ತು. ಯಾವುದೋ ಒಂದು ಪುಟದಲ್ಲಿ ಯಾರೋ ಬರೆದದ್ದನ್ನು ಯಂತ್ರ ಎತ್ತಿ ಉತ್ತರದ ಜಾಗದಲ್ಲಿ ಇಟ್ಟಿತ್ತು. ನಾಡಿನ ಜನ ಸಿಟ್ಟಾದರು, ಸರ್ಕಾರ ನೋಟಿಸ್ ಕೊಡುತ್ತೇವೆ ಅಂದಿತು, ಗೂಗಲ್ ಕ್ಷಮೆ ಕೇಳಿ ತೆಗೆಯಿತು. ಅದು ಎಲ್ಲರಿಗೂ ಕಂಡಿತು, ಅದಕ್ಕೇ ಒಂದೇ ದಿನದಲ್ಲಿ ಹೋಯಿತು. ನಿಮ್ಮ ತಂದೆಯ ಫೋನಿನಲ್ಲಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.


ವಿಜಯನಗರ ಆಟೊ · ಸೋಮವಾರ, ಮಧ್ಯಾಹ್ನ 2:10

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನ್ನದೂ ಒಂದು ಪ್ರಶ್ನೆ ಇದೆ. ಹೋದ ತಿಂಗಳು ಸ್ಟ್ಯಾಂಡ್‌ನಲ್ಲಿ ನಾವು ಮೂವರು ಧರ್ಮಸ್ಥಳಕ್ಕೆ ಹೋಗೋಣ ಅಂತ ಮಾತಾಡಿದೆವು. ನಾನು ಏನೂ ಹುಡುಕಿಲ್ಲ. ಸಾಯಂಕಾಲ ನನ್ನ ಫೋನಿನಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ ಪ್ಯಾಕೇಜ್ ಜಾಹೀರಾತು ಬಂತು. ಫೋನ್ ನಮ್ಮ ಮಾತು ಕೇಳಿಸಿಕೊಳ್ಳುತ್ತದೆ ಅಂತ ಎಲ್ಲಾ ಡ್ರೈವರ್‌ಗಳೂ ಹೇಳುತ್ತಾರೆ. ನಿಜಾನಾ?

ಇನ್ನೊಂದು. ಒಂದು ರಾತ್ರಿ ಆ್ಯಕ್ಸಿಡೆಂಟ್ ವಿಡಿಯೊ ಒಂದು ಬಂತು. ನಮ್ಮ ಆಟೊದಂಥದ್ದೇ ಆಟೊ. ಕಣ್ಣು ತೆಗೆಯಲು ಆಗಲಿಲ್ಲ. ಅವತ್ತಿನಿಂದ ದಿನಾ ಅದೇ. ಬೆಳಗ್ಗೆ ಗಾಡಿ ತೆಗೆಯುವಾಗ ಕೈ ನಡುಗುತ್ತಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.


ಬೆಳ್ಳಂದೂರು ಎಂಜಿನಿಯರ್ · ಸೋಮವಾರ, ರಾತ್ರಿ 10:30

ಅಣ್ಣ, ಹೇಳಿದ್ದು ಒಳ್ಳೆಯದಾಯಿತು. ನೀವು ಆ ವಿಡಿಯೊ ಬೇಕು ಅಂತ ನೋಡಲಿಲ್ಲ. ಕಣ್ಣು ತೆಗೆಯಲು ಆಗದೆ ನೋಡಿದಿರಿ. ಯಂತ್ರಕ್ಕೆ ಈ ಎರಡೂ ಒಂದೇ. ಆ ಥರದ್ದು ಬಂದಾಗ ಪಕ್ಕದ ಮೂರು ಚುಕ್ಕಿ ಒತ್ತಿ 'ಆಸಕ್ತಿ ಇಲ್ಲ' ಅನ್ನುವುದನ್ನು ಒತ್ತಿ. ಬೇಗ ಬೇಗ ಮೇಲೆ ಸರಿಸಿ. ನಾಲ್ಕೈದು ದಿನ ಬಿಡದೆ ಮಾಡಿದರೆ ಕಡಿಮೆ ಆಗಬಹುದು.

ಮಾತು ಕೇಳಿಸಿಕೊಳ್ಳುವ ವಿಷಯ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17,000ಕ್ಕೂ ಜಾಸ್ತಿ ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷೆ ಮಾಡಿದರು. ಕದ್ದು ಮೈಕ್ ತೆರೆದು ಮಾತು ಕಳಿಸಿದ ಒಂದು ಆ್ಯಪ್ ಕೂಡ ಅವರಿಗೆ ಸಿಗಲಿಲ್ಲ. ಪರದೆ ಮೇಲೆ ನಡೆಯುವುದನ್ನು ರೆಕಾರ್ಡ್ ಮಾಡಿ ಬೇರೆ ಕಂಪನಿಗೆ ಕಳಿಸುತ್ತಿದ್ದ ಕೆಲವು ಸಿಕ್ಕವು. ಅದೂ ಕಡಿಮೆ ತಪ್ಪೇನಲ್ಲ.

ಹಾಗಾದರೆ ಧರ್ಮಸ್ಥಳ ಹೇಗೆ ಬಂತು? ನಿಮ್ಮ ಇಬ್ಬರು ಸ್ನೇಹಿತರಲ್ಲಿ ಒಬ್ಬರು ಬಸ್ಸನ್ನೋ ರೂಮನ್ನೋ ಹುಡುಕಿರಬಹುದು. ನಿಮ್ಮ ಮೂವರ ಫೋನೂ ದಿನಾ ಒಂದೇ ಸ್ಟ್ಯಾಂಡ್‌ನಲ್ಲಿ ಇರುತ್ತವೆ, ಒಬ್ಬರಿಗೊಬ್ಬರ ನಂಬರ್ ಇದೆ. ರಜೆ ಹತ್ತಿರ ಬಂದಾಗ ಬೆಂಗಳೂರಿನಲ್ಲಿ ಲಕ್ಷಾಂತರ ಜನಕ್ಕೆ ಆ ಜಾಹೀರಾತು ಹೋಗುತ್ತದೆ. ಬಂದಿದ್ದು ನೆನಪಿನಲ್ಲಿ ಉಳಿಯುತ್ತದೆ, ಸಂಬಂಧ ಇಲ್ಲದ ಹತ್ತು ಜಾಹೀರಾತು ಮರೆತು ಹೋಗುತ್ತವೆ. ನನಗೆ ಇದೇ ಜಾಸ್ತಿ ಚಿಂತೆ. ಕದ್ದು ಕೇಳಿದ್ದರೆ ಹಿಡಿದು ಶಿಕ್ಷೆ ಕೊಡಬಹುದಿತ್ತು. ಇಲ್ಲಿ ಕದಿಯುವ ಅಗತ್ಯವೇ ಇಲ್ಲ. ನಾವು 'ಒಪ್ಪಿಗೆ' ಅಂತ ಒತ್ತಿ ಕೊಟ್ಟದ್ದರಲ್ಲೇ ಅಷ್ಟೆಲ್ಲ ಇದೆ.


ಮಲ್ಲೇಶ್ವರದ ಸೀರೆ ಅಂಗಡಿ · ಮಂಗಳವಾರ, ಬೆಳಗ್ಗೆ 10:45

ನಾನು ಜಾಹೀರಾತು ಕೊಡುವವಳು. ನನ್ನ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳಬೇಕು ಅನ್ನಿಸಿತು.

8ನೇ ಕ್ರಾಸ್ ಹತ್ತಿರ ನಮ್ಮದು ಚಿಕ್ಕ ಅಂಗಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಮೊದಲು ಆನ್‌ಲೈನ್ ಜಾಹೀರಾತು ಹಾಕುತ್ತೇನೆ. ಅಂಗಡಿಯಿಂದ ಮೂರು ಕಿಲೋಮೀಟರ್ ಒಳಗಿನ ಹೆಂಗಸರು, 30ರಿಂದ 60 ವಯಸ್ಸು ಅಂತ ಗುರುತು ಹಾಕಬಹುದು. ಸೀರೆ, ಒಡವೆ, ಮದುವೆ ಬಗ್ಗೆ ನೋಡುವವರು ಅಂತಲೂ ಹಾಕಬಹುದು. ಅವರ ಹೆಸರು ನನಗೆ ಕಾಣುವುದಿಲ್ಲ. ಎಷ್ಟು ಜನಕ್ಕೆ ತಲುಪಿತು ಅಂತ ಮಾತ್ರ ಕಾಣುತ್ತದೆ. ನನ್ನ ದುಡ್ಡಿಗೆ ಅದು ಒಳ್ಳೆಯ ಕೆಲಸ ಮಾಡುತ್ತದೆ, ಸುಳ್ಳು ಹೇಳುವುದಿಲ್ಲ. ಪತ್ರಿಕೆಯಲ್ಲಿ ಕೊಡುವಷ್ಟು ಹಣ ನಮ್ಮ ಹತ್ತಿರ ಇಲ್ಲ.

ಹೋದ ವರ್ಷ ಜಾಹೀರಾತು ಮಾಡಿಕೊಡುವ ಹುಡುಗ ಬಂದು 'ಅಕ್ಕಾ, ಗಿರಾಕಿಗಳ ಫೋನ್ ನಂಬರ್ ಪಟ್ಟಿ ಕೊಡಿ' ಅಂದ. ಬಿಲ್ ಹಾಕುವಾಗ ಬರೆದುಕೊಂಡ ನಂಬರ್‌ಗಳು. ಅದನ್ನು ಗುಟ್ಟಿನ ಅಕ್ಷರ ಮಾಡಿ ಜಾಹೀರಾತು ತೋರಿಸುವ ಆ್ಯಪ್‌ಗೆ ಕಳಿಸಿದರೆ, ಅದು ಆ ನಂಬರಿನವರನ್ನು ಹುಡುಕಿ ನಮ್ಮ ಜಾಹೀರಾತು ತೋರಿಸುತ್ತದೆ. ಅಷ್ಟೇ ಅಲ್ಲ, ಅವರ ಥರ ಇರುವ ಬೇರೆ ಜನರನ್ನೂ ಹುಡುಕುತ್ತದೆ. ನಾನು ಕೊಟ್ಟೆ. ತಪ್ಪು ಅಂತ ಅನ್ನಿಸಲೇ ಇಲ್ಲ.

ನಿನ್ನೆ ರಾತ್ರಿ ಈ ಚರ್ಚೆ ಓದಿದ ಮೇಲೆ ನಿದ್ದೆ ಬರಲಿಲ್ಲ. ಆ ಹೆಂಗಸರು ನಂಬರ್ ಕೊಟ್ಟಿದ್ದು ಫಾಲ್ಸ್ ಹಾಕಿದ ಸೀರೆ ರೆಡಿ ಆದಾಗ ಫೋನ್ ಮಾಡಲಿ ಅಂತ. ನಾನು ಅವರನ್ನು ಕೇಳಲಿಲ್ಲ. ನಾನು ಸೀರೆ ಮಾರಿದೆ. ಅದೇ ಬಾಗಿಲಲ್ಲಿ ಈ ಅಪ್ಪನಿಗೆ ಪುಡಿ ಮಾರಿದವರೂ ಬಂದಿದ್ದಾರೆ, ಅಲ್ವಾ?

2023ರ ಮೇನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಒಂದು ಸಲಹೆ ಕಳಿಸಿತ್ತು. ನಂಬರ್ ಕೊಡಲೇಬೇಕು ಅಂತ ಗಿರಾಕಿಗಳನ್ನು ಒತ್ತಾಯ ಮಾಡಬಾರದು ಅಂತ. ಇವತ್ತಿನಿಂದ ನಮ್ಮಲ್ಲಿ ಕೇಳುವುದನ್ನು ನಿಲ್ಲಿಸಿದ್ದೇವೆ. ಫಾಲ್ಸ್‌ಗೆ ಕೊಟ್ಟವರದ್ದು ಮಾತ್ರ ಪುಸ್ತಕದಲ್ಲಿ ಬರೆದುಕೊಂಡು, ಸೀರೆ ಒಯ್ದ ಮೇಲೆ ಹೊಡೆದು ಹಾಕುತ್ತೇವೆ.


ಹೆಬ್ಬಾಳದ ಓದುಗ · ಮಂಗಳವಾರ, ಸಾಯಂಕಾಲ 5:30

ನನಗೆ ಒಂದು ಭಿನ್ನಾಭಿಪ್ರಾಯ ಇದೆ. ಎಲ್ಲವನ್ನೂ ಅಲ್ಗಾರಿದಮ್ (ಈ ಸಾಲು ಜೋಡಿಸುವ ಯಂತ್ರದ ಲೆಕ್ಕ) ತಲೆಗೆ ಕಟ್ಟಬೇಡಿ.

2012ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಸುಳ್ಳು ಎಸ್ಸೆಮ್ಮೆಸ್ ಹರಡಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. ಸರ್ಕಾರ ಕೆಲವು ದಿನ ಒಮ್ಮೆಗೆ ಐದಕ್ಕಿಂತ ಜಾಸ್ತಿ ಜನಕ್ಕೆ ಮೆಸೇಜ್ ಹೋಗದ ಹಾಗೆ ಕಟ್ಟು ಹಾಕಿತು. ಅಲ್ಲಿ ಯಾವ ಅಲ್ಗಾರಿದಮ್ ಇತ್ತು? 2018ರ ಮೇನಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅಂತ ಅನುಮಾನಪಟ್ಟು ರಾಜಸ್ಥಾನದಿಂದ ಬಂದ ಒಬ್ಬ ಯುವಕನನ್ನು ಹೊಡೆದು ಸಾಯಿಸಿದರು. ವಾಟ್ಸ್ಆ್ಯಪ್ ಫಾರ್ವರ್ಡ್ ಹರಡಿದ್ದು ಮನುಷ್ಯರ ಬೆರಳು. ಅಲ್ಲಿ ಮೆಸೇಜ್ ಬರುವುದು ಬಂದ ಹೊತ್ತಿನ ಸಾಲಿನಲ್ಲಿ. ಅಂಕ ಹಾಕಿ ಜೋಡಿಸುವುದಿಲ್ಲ.

ನನ್ನ ಮಟ್ಟಿಗೆ ಈ ಸಾಲುಗಳಿಂದ ಉಪಕಾರ ಆಗಿದೆ. ತಾರಸಿ ತೋಟ ಮಾಡುವುದನ್ನು ಪೂರ್ತಿ ಇವುಗಳಿಂದಲೇ ಕಲಿತೆ. ನಾನು ಕೇಳದೇ ಇದ್ದ ಕಸಿ ಕಟ್ಟುವ ವಿಧಾನವನ್ನೂ ತಾನೇ ತಂದು ತೋರಿಸಿತು.


ರಾಜಾಜಿನಗರದ ಮಗಳು · ಮಂಗಳವಾರ, ರಾತ್ರಿ 8:50

ಹೆಬ್ಬಾಳದವರೇ, ನಿಮ್ಮ ಮಾತು ಒಪ್ಪುತ್ತೇನೆ. ಚಾಮರಾಜಪೇಟೆ ವಿಷಯ ನಾನು ಮರೆತಿಲ್ಲ. ಆದರೆ ಫಾರ್ವರ್ಡ್ ಬಂದರೆ ಕಳಿಸಿದವರು ಯಾರು ಅಂತ ಅಪ್ಪನಿಗೆ ಗೊತ್ತಾಗುತ್ತದೆ. 'ಅವನು ಹೀಗೇ ಏನಾದರೂ ಕಳಿಸ್ತಾನೆ' ಅಂತ ಎಷ್ಟೋ ಸಲ ಪಕ್ಕಕ್ಕೆ ಇಟ್ಟಿದ್ದಾರೆ. ಇಲ್ಲಿ ಕಳಿಸಿದವರೇ ಇಲ್ಲ. ನಿಮಗೆ ತೋಟ ತೋರಿಸಿದ್ದೂ, ಅಪ್ಪನಿಗೆ ಪುಡಿ ತೋರಿಸಿದ್ದೂ ಒಂದೇ ಲೆಕ್ಕ. ನಿಮಗೆ ಗಿಡ ಸಿಕ್ಕಿತು. ಅಪ್ಪ ಕಾಯಿಲೆಯವರು, ಹೆದರಿದ್ದರು. ಅವರಿಗೆ ಇದು ಸಿಕ್ಕಿತು.


ಯಲಹಂಕದ ಅಮ್ಮ · ಬುಧವಾರ, ಮಧ್ಯಾಹ್ನ 12:15

ನನ್ನ ಮಗಳಿಗೆ 14. ತೂಕ ಇಳಿಸುವ ವಿಡಿಯೊ ಒಂದೆರಡು ನೋಡಿದ್ದಳು. ಆಮೇಲೆ ಅವಳ ಫೋನಿನಲ್ಲಿ ಸಣ್ಣ ಸೊಂಟದ ಹುಡುಗಿಯರು ಬಿಟ್ಟು ಬೇರೆ ಯಾರೂ ಇರಲಿಲ್ಲ. ಬೆಳಗಿನ ತಿಂಡಿ ಬಿಟ್ಟಳು. ಡಬ್ಬಿ ತುಂಬಿಕೊಂಡೇ ವಾಪಸ್ ಬರುತ್ತಿತ್ತು. ಅಕೌಂಟ್ ತೆರೆಯುವಾಗ ಹುಟ್ಟಿದ ವರ್ಷ ತಪ್ಪು ಹಾಕಿದ್ದಳು, ಹಾಗಾಗಿ ಅದರ ಲೆಕ್ಕದಲ್ಲಿ ಅವಳಿಗೆ 19.

ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಅಂತ ಇದೆ. ಫೋನ್, ಗೇಮ್ ಬಿಡಲಾಗದೆ ಕಷ್ಟಪಡುವವರಿಗಾಗಿ 2014ರಲ್ಲಿ ಶುರು ಮಾಡಿದ್ದು. ನಮಗೆ ಅಲ್ಲಿ ತಾಳ್ಮೆಯಿಂದ ಮಾತಾಡಿಸಿದರು. ಫೋನ್ ಕಿತ್ತುಕೊಳ್ಳಿ ಅನ್ನಲಿಲ್ಲ, ಜೊತೆಗೆ ಕೂತು ನೋಡಿ ಅಂದರು. ಹಾಗೆ ನೋಡಿದಾಗಲೇ ನನಗೆ ಅರ್ಥವಾಗಿದ್ದು, ಅವಳು ಯಾವ ಲೋಕದಲ್ಲಿ ಇದ್ದಳು ಅಂತ. ಹುಟ್ಟಿದ ವರ್ಷ ಸರಿ ಮಾಡಿದೆವು. ಈಗ ಇಡ್ಲಿ ತಿಂದು ಹೋಗುತ್ತಾಳೆ.

ಮಕ್ಕಳ ವಿಷಯದಲ್ಲಿ ಕಾನೂನು ಏನಾದರೂ ಇದೆಯಾ? ಗೊತ್ತಿರುವವರು ಹೇಳಿ.


ಕಾನೂನು ವಿದ್ಯಾರ್ಥಿನಿ, ನಾಗರಭಾವಿ · ಬುಧವಾರ, ರಾತ್ರಿ 9:20

ಇದೆ ಅಕ್ಕ. ಆದರೆ ಮೊದಲು ನಮ್ಮ ಊರಿನವರೊಬ್ಬರ ಬಗ್ಗೆ ಹೇಳಬೇಕು.

ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಬಗ್ಗೆ ಸುಪ್ರೀಂ ಕೋರ್ಟ್‌ಗೆ ಹೋದರು. ಆಗ ಅವರಿಗೆ 80 ದಾಟಿತ್ತು. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. 2024ರಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ಇವತ್ತು ದೇಶದಲ್ಲಿ ಯಾರೇ ಈ ಹಕ್ಕಿನ ಬಗ್ಗೆ ಮಾತಾಡಿದರೂ ಅವರ ಹೆಸರಿನಿಂದಲೇ ಶುರು ಮಾಡುತ್ತಾರೆ. ನನಗೆ ಇದು ತುಂಬಾ ಹೆಮ್ಮೆ.

ಆ ತೀರ್ಪಿನ ಮುಂದಿನ ವರ್ಷವೇ ಕೇಂಬ್ರಿಜ್ ಅನಲಿಟಿಕಾ ಹಗರಣ ಹೊರಬಂತು. ಅದು ರಾಜಕೀಯ ಪ್ರಚಾರದ ಕೆಲಸ ಮಾಡುವ ಕಂಪನಿ; ಫೇಸ್‌ಬುಕ್‌ನಲ್ಲಿದ್ದ ಒಂದು ಪ್ರಶ್ನೋತ್ತರದ ಆ್ಯಪ್ ಮೂಲಕ ಜನರ ಮಾಹಿತಿ ಅದಕ್ಕೆ ಹೋಗಿತ್ತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ಬರೀ 335 ಜನ. ಅವರ ಸ್ನೇಹಿತರ ಪಟ್ಟಿ ಮೂಲಕ 5.62 ಲಕ್ಷ ಭಾರತೀಯರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್‌ನವರೇ ಹೇಳಿದರು. ನಾನು ಒಪ್ಪಿಗೆ ಕೊಡದಿದ್ದರೂ ನನ್ನ ಸ್ನೇಹಿತೆ ಕೊಟ್ಟರೆ ಸಾಕಾಗಿತ್ತು.

ಈಗಿನ ಕಾನೂನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು ಸಮಯ ಕೊಟ್ಟಿದ್ದಾರೆ. ಕಾಯ್ದೆಯ 9ನೇ ಸೆಕ್ಷನ್ ಮಕ್ಕಳದ್ದು. ಅದೂ, ಮುಂದೆ ನಾನು ಹೇಳುವ ಹಕ್ಕುಗಳೂ ಜಾರಿಗೆ ಬರುವುದು ಆ ಸಮಯ ಮುಗಿದ ಮೇಲೆ. 18 ತುಂಬದವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು, ಅದೂ ಪರಿಶೀಲಿಸಿದ ಒಪ್ಪಿಗೆ. ಮಕ್ಕಳ ನಡವಳಿಕೆಯ ಬೆನ್ನು ಹತ್ತುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ಕೂಡದು. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿವರೆಗೆ.

ಮೇಷ್ಟ್ರಿಗೆ ಇಷ್ಟವಾಗುವ ಒಂದು ವಿಷಯ: ನಮ್ಮ ಯಾವ ಮಾಹಿತಿ ಯಾಕೆ ಬೇಕು ಅನ್ನುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ನಮಗೆ ಬೇಕಾದ್ದರಲ್ಲಿ ಓದುವ ಅವಕಾಶ ಇರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಅಂತ ನಾವು ಕೇಳಬಹುದು. ದಯವಿಟ್ಟು ಎಲ್ಲರೂ ಕೇಳಿ. ಕೊಟ್ಟ ಒಪ್ಪಿಗೆ ವಾಪಸ್ ತೆಗೆದುಕೊಳ್ಳುವ ಹಕ್ಕೂ ಇದೆ, ಅಳಿಸಿ ಅನ್ನುವ ಹಕ್ಕೂ ಇದೆ.

ಕೊರತೆ ಎಲ್ಲಿ ಅಂದರೆ, 'ಈ ವಿಡಿಯೊ ನನಗೆ ಯಾಕೆ ತೋರಿಸಿದಿರಿ' ಅಂತ ಕೇಳುವ ಹಕ್ಕು ಈ ಕಾಯ್ದೆಯಲ್ಲಿ ಇಲ್ಲ. ಯುರೋಪಿನಲ್ಲಿ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ಅಂತ ಇದೆ. 4.5 ಕೋಟಿಗಿಂತ ಜಾಸ್ತಿ ಬಳಕೆದಾರರು ಅಲ್ಲಿರುವ ಆ್ಯಪ್‌ಗಳು, ವೈಯಕ್ತಿಕ ಮಾಹಿತಿ ನೋಡದೆ ಜೋಡಿಸಿದ ಒಂದು ಸಾಲನ್ನೂ ಕೊಡಲೇಬೇಕು. ಅದೇ ಕಂಪನಿಗಳು, ಅದೇ ಆ್ಯಪ್‌ಗಳು. ಅಲ್ಲಿಯವರಿಗೆ ಕೊಡುವುದನ್ನು ರಾಜಾಜಿನಗರದ ಅಪ್ಪನಿಗೆ ಕೊಡಲು ಏನು ತೊಂದರೆ? ನಾವು ಕೇಳಬೇಕಾಗಿರುವುದು ಇದನ್ನೇ ಅಂತ ನನಗೆ ಅನ್ನಿಸುತ್ತದೆ.


ವಿಜಯನಗರ ಆಟೊ · ಗುರುವಾರ, ಬೆಳಗ್ಗೆ 7:00

'ಆಸಕ್ತಿ ಇಲ್ಲ' ಒತ್ತುತ್ತಿದ್ದೇನೆ. ನಿನ್ನೆ ಒಂದೇ ಒಂದು ಆ್ಯಕ್ಸಿಡೆಂಟ್ ಬಂತು. ಅದಕ್ಕೂ ಒತ್ತಿದೆ. ಥ್ಯಾಂಕ್ಸ್ ಸರ್.


ರಾಜಾಜಿನಗರದ ಮಗಳು · ಭಾನುವಾರ, ರಾತ್ರಿ 8:15

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಅಪ್ಪನ ಪಕ್ಕ ಕೂತೆ. ಈ ಸಲ ರೇಗಲಿಲ್ಲ. ಇಬ್ಬರ ಫೋನನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಒಂದೇ ಆ್ಯಪ್ ತೆರೆದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡನ್ನೂ ತುಂಬಾ ಹೊತ್ತು ನೋಡಿದರು. "ನಿನಗೆ ಇದು ಯಾವುದೂ ಬರಲ್ವಾ?" ಅಂತ ಕೇಳಿದರು. ಇಲ್ಲ ಅಪ್ಪ ಅಂದೆ. "ಹಾಗಾದ್ರೆ ಇಷ್ಟು ಜನ ಹೇಳ್ತಿಲ್ವಾ?" ಅಂದರು. ನನಗೆ ಕಣ್ಣು ತುಂಬಿ ಬಂತು. ನಾನು ಬರೆದ ಇಷ್ಟುದ್ದ ಬರಹಕ್ಕಿಂತ ಆ ಎರಡು ಫೋನ್ ಅವರಿಗೆ ಬೇಗ ಅರ್ಥ ಮಾಡಿಸಿದವು.

ಆಮೇಲೆ ಇಬ್ಬರೂ ಸೇರಿ ನೋಡಿದ್ದು, ಹುಡುಕಿದ್ದು ಎರಡರ ಹಳೇ ಪಟ್ಟಿಯನ್ನೂ ಅಳಿಸಿದೆವು. ಆ ಪಟ್ಟಿಯನ್ನು ಮುಂದೆ ಇಟ್ಟುಕೊಳ್ಳಬೇಡ ಅಂತ ಆಫ್ ಮಾಡಿದೆವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತಿನ ಗುರುತಿನ ಸಂಖ್ಯೆ (ಜಾಹೀರಾತಿನವರು ಫೋನನ್ನು ಗುರುತು ಹಿಡಿಯಲು ಬಳಸುವ ಸಂಖ್ಯೆ) ಅಳಿಸಿದೆವು. ಪುಡಿಯ ಚಾನೆಲ್‌ಗಳಿಗೆ 'ಈ ಚಾನೆಲ್ ತೋರಿಸಬೇಡ' ಒತ್ತಿದೆವು. 26 ಇದ್ದವು, ಅಪ್ಪನೇ ಎಣಿಸಿದರು. ಅವರ ಡಾಕ್ಟರ್ ಹತ್ತಿರ ಕೂತು ಕಾಲು ಉರಿ ಬಗ್ಗೆ ಕೇಳಿದ್ದೂ ಆಯಿತು. ಅದಕ್ಕೆ ಬೇರೆ ಮಾತ್ರೆ ಇದೆಯಂತೆ. ಅಪ್ಪ ಇಷ್ಟು ದಿನ ಕೇಳಲು ಸಂಕೋಚಪಟ್ಟಿದ್ದರು. ಇವತ್ತು ಖಾಲಿ ಹೊಟ್ಟೆ ಸಕ್ಕರೆ 148.

ಒಂದು ಸಮಸ್ಯೆ ಉಳಿದಿದೆ. ಹಾಲ್‌ನಲ್ಲಿರುವ ಟಿವಿಯಲ್ಲಿ ಅದೇ ಆ್ಯಪ್ ತೆರೆದರೆ ಈಗಲೂ ಮೇಲೆ ಎರಡು ಕಷಾಯದ ವಿಡಿಯೊ ಬರುತ್ತಿವೆ. ಫೋನಿನಲ್ಲಿ ಹೋಯಿತಲ್ಲ, ಟಿವಿಯಲ್ಲಿ ಯಾಕೆ?


ಬೆಳ್ಳಂದೂರು ಎಂಜಿನಿಯರ್ · ಭಾನುವಾರ, ರಾತ್ರಿ 8:40

148 ಓದಿ ತುಂಬಾ ಖುಷಿಯಾಯಿತು ಮೇಡಂ. ಟಿವಿಯಲ್ಲಿ ಬೇರೆ ಅಕೌಂಟ್ ಲಾಗಿನ್ ಆಗಿರಬೇಕು. ಮೇಲಿನ ಮೂಲೆಯಲ್ಲಿ ಚಿತ್ರ ಇರುತ್ತದೆ, ಅದನ್ನು ಒತ್ತಿ ನೋಡಿ. ತಮ್ಮ ಟಿವಿ ಜೋಡಿಸಿಕೊಟ್ಟಿದ್ದರೆ ಬಹುಶಃ ಅವರದ್ದೇ ಇರುತ್ತದೆ. ಅಪ್ಪ ಟಿವಿಯಲ್ಲಿ ನೋಡಿದ್ದೆಲ್ಲ ತಮ್ಮನ ಲೆಕ್ಕಕ್ಕೆ ಸೇರಿರುತ್ತದೆ. ಹಾಗಿದ್ದರೆ ತಮ್ಮನ ಫೋನಿಗೂ ಆ ವಿಡಿಯೊಗಳು ಬರುತ್ತಿರಬಹುದು. ಒಂದು ಸಲ ಫೋನ್ ಮಾಡಿ ಕೇಳಿ. ಟಿವಿಗೆ ಅಪ್ಪನ ಅಕೌಂಟ್ ಬೇರೆ ಹಾಕಿ, ತಮ್ಮನದರಲ್ಲೂ ಹಳೇ ಪಟ್ಟಿ ಅಳಿಸಲು ಹೇಳಿ.


ರಾಜಾಜಿನಗರದ ಮಗಳು · ಭಾನುವಾರ, ರಾತ್ರಿ 9:10

ಕೇಳಿದೆ ಸರ್. ತಮ್ಮನಿಗೆ ಎರಡು ತಿಂಗಳಿಂದ ಬರುತ್ತಿದೆಯಂತೆ. ಅವನಿಗೆ 34 ವರ್ಷ, ಸಕ್ಕರೆ ಕಾಯಿಲೆ ಇಲ್ಲ. ತನಗೇನಾದರೂ ಶುರುವಾಗಿದೆಯೇನೋ ಅಂತ ಹೆದರಿ ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾನೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.